ಅತ್ತೆಯ ಹಳದಿ ಚಪ್ಪಲಿ

ನಾರ್ತ್‌ವಿಲ್‌ನ ನಿರಂಜನ್ ಕ್ಯಾಮೆರಾ ಹಿಡಿದನೆಂದರೆ ಅವನ ಮೈಮೇಲೆ ದೇವರು ಬರುತ್ತಿತ್ತು. ಒಳ್ಳೆಯ ದೇವರಲ್ಲ. ಆರಿಝೋನಾದಲ್ಲಿ, ಮೆಕ್ಸಿಕೊ ಗಡಿಯ ಹತ್ತಿರ, ಸ್ಪೇನಿನ ಪಾದ್ರಿಗಳ ಕಾಲದ ಹಳೆಯ ಮಿಷನ್ ಚರ್ಚುಗಳ ಫೋಟೋ ತೆಗೆಯಲು ಹೋದವನು ವಾರವಿಡೀ ಹೆಂಡತಿ ಶೈಲಾಳನ್ನೂ ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಗಂಗವ್ವನನ್ನೂ ಗದರಿದ್ದೇ ಗದರಿದ್ದು. "ಫ್ರೇಮಿಂದ ಆಚೆ ಹೋಗಿ! ಒಬ್ರೂ ಕಾಣಬಾರ್ದು!"

ಕಾರಣವಿತ್ತು. ಅವನ ಕ್ಯಾಮೆರಾ ಕ್ಲಬ್ಬು ವರ್ಷಕ್ಕೊಮ್ಮೆ ಪಕ್ಕದ ಊರು ವಿಕ್ಸಮ್‌ನಲ್ಲಿ ಪ್ರದರ್ಶನ ನಡೆಸಿ, ಒಬ್ಬನೇ ಒಬ್ಬನಿಗೆ ಇಡೀ ಗೋಡೆ ಬಿಟ್ಟುಕೊಡುತ್ತಿತ್ತು. ಆ ಗೋಡೆಗಾಗಿ ನಿರಂಜನ್ ಬಹಳ ಕಾಲದಿಂದ ಬಾಯಿ ಬಿಟ್ಟುಕೊಂಡು ಕೂತಿದ್ದ. ಈ ಸಲದ ನಿಯಮ: ಹಳೆಯ ಕಟ್ಟಡ ಮಾತ್ರ. ಮನುಷ್ಯರಾಗಲಿ ಈಗಿನ ಕಾಲದ ವಸ್ತುವಾಗಲಿ ಕಾಣಕೂಡದು, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಲೂ ಕೂಡದು.

ಮನೆಗೆ ಮರಳಿ ಫೋಟೋಗಳನ್ನು ಟಿವಿಗೆ ಹಾಕಿದ. ಬಿಳಿ ಗುಮ್ಮಟ, ಮಣ್ಣಿನ ಗೋಡೆ, ಕೆತ್ತನೆಯ ಬಾಗಿಲು. ಬಾಗಿಲ ಮುಂದೆ ಹಳದಿ ಹವಾಯಿ ಚಪ್ಪಲಿ. ಮುಂದಿನ ಚರ್ಚು. ಅದೇ ಚಪ್ಪಲಿ. ಅದರ ಮುಂದಿನದರಲ್ಲೂ ಅದೇ.

"ಅತ್ತೇ!"

ಗಂಗವ್ವ ಸೌಟು ಹಿಡಿದೇ ಬಂದರು. "ಯಾಕ್ರೀ ಅಳಿಯಾರ, ಹಂಗ್ಯಾಕ ಒದರಾಕತ್ತೀರಿ?"

"ಚಪ್ಪಲಿ ಯಾಕೆ ಅಲ್ಲಿ ಬಿಟ್ರಿ?"

"ಆಚೆ ಹೋಗ್ರಿ ಅಂದವ್ರು ನೀವ. ನೆಳ್ಳಿಗಂತ ಗುಡಿ ಒಳಗ ಹೋದೆ. ದೇವರ ಮುಂದ ಚಪ್ಪಲಿ ಮೆಟ್ಕೊಂಡು ಹೋಗ್ಲೇನು?"

"ಅದು ಚರ್ಚು!"

"ದೇವರು ಅದಾನೋ ಇಲ್ಲೋ ಅಷ್ಟ ಹೇಳ್ರಿ."

"ನೂರಾಹತ್ತು ಫ್ಯಾರನ್‌ಹೀಟ್ ಬಿಸಲಾಗ ಅವ್ವ ಬರಿಗಾಲಿಲೆ ಕುಣಕೋತ ಬರ್ತಿದ್ಲು," ಎಂದಳು ಶೈಲಾ. "ನಿಮ್ಮ ಕಣ್ಣು ಗುಮ್ಮಟದ ಮ್ಯಾಲಿತ್ತು."

ಒಂದೇ ಒಂದು ಚಿತ್ರದಲ್ಲಿ ಚಪ್ಪಲಿ ಬಾಗಿಲ ಮುಂದೆ ಬಿದ್ದಿರಲಿಲ್ಲ. ಸೂರು ಕುಸಿದ ಪಾಳು ಚರ್ಚು ಅದು. ಅಲ್ಲಿ ಚಪ್ಪಲಿ ಗಂಗವ್ವನ ಕಾಲಲ್ಲೇ ಇತ್ತು, ಗಂಗವ್ವ ಬಾಗಿಲಿನಿಂದ ಇಣುಕುತ್ತಿದ್ದರು.

"ಅಲ್ಲಿ ದೇವರ ಇರ್ಲಿಲ್ಲಲ್ರೀ," ಎಂದರು.

ಬೇರೆ ದಾರಿಯಿಲ್ಲದೆ ಅದೊಂದನ್ನು ಬಿಟ್ಟು ಉಳಿದವನ್ನು ಚಪ್ಪಲಿ ಸಮೇತವೇ ಕ್ಲಬ್ಬಿಗೆ ಕಳಿಸಿದ. ಕ್ಲಬ್ಬಿನ ಅಧ್ಯಕ್ಷ ಜಬ್ಬಾರ್, ತುಮಕೂರಿನವನು, ಫೋನ್ ಮಾಡಿದ. "ನಿರಂಜನ್ ಅವ್ರೇ, ಲೈಟಿಂಗ್ ಸೂಪರ್. ಆದ್ರೆ ಈ ಚಪ್ಪಲಿ ಈಗಿನ ಕಾಲದ್ದಲ್ವಾ?"

ನಿರಂಜನ್‌ಗೆ ಪಿತ್ತ ನೆತ್ತಿಗೇರಿತು. "ದೇವ್ರ ಬಾಗ್ಲಲ್ಲಿ ಚಪ್ಪಲಿ ಬಿಡೋದು ಈಗಿನ ಕಾಲದ್ದೇನ್ರೀ? ನಿಮ್ಮ ಮಸೀದಿ ಮುಂದೆ ಏನಿರತ್ತೆ? ನಮ್ಮ ಟೆಂಪಲ್ ಮುಂದೆ ಏನಿರತ್ತೆ?"

ಜಬ್ಬಾರ್ ನಿಟ್ಟುಸಿರು ಬಿಟ್ಟ. "ಹೋದ ಶುಕ್ರವಾರ ನನ್ನ ಹೊಸ ಶೂ ಯಾರೋ ಹಾಕ್ಕೊಂಡ್ ಹೋದ್ರು," ಎಂದ. "ಗೋಡೆ ನಿಮ್ದೇ, ತಗೊಳ್ಳಿ."

ಪ್ರದರ್ಶನದ ದಿನ ಹೊರಗೆ ಹಿಮ. ಗಂಗವ್ವ ಬೂಟನ್ನು ಕೋಟು ನೇತುಹಾಕುವಲ್ಲಿ ಬಿಟ್ಟು, ಚೀಲದಿಂದ ಹಳದಿ ಚಪ್ಪಲಿ ತೆಗೆದು ಹಾಕಿಕೊಂಡು ಒಳಬಂದರು. ಅಳಿಯನ ಗೋಡೆಯ ಮುಂದೆ ಅದನ್ನೂ ಬಿಟ್ಟು ಕೈಮುಗಿದರು. ಹಿಂದಿದ್ದ ಪಕ್ಕದ ಮನೆಯ ಸ್ವರೂಪ ಆಂಟಿ ಚಪ್ಪಲಿ ಕಂಡವರೇ ತಮ್ಮ ಬೂಟು ಕಳಚಿದರು. ಅವರನ್ನು ನೋಡಿ ಜಬ್ಬಾರ್, ಜಬ್ಬಾರನನ್ನು ನೋಡಿ ಬಿಳಿಯರು. ಕ್ಷಣದಲ್ಲಿ ಗೋಡೆಯ ಬುಡದಲ್ಲಿ ಗುಡ್ಡೆ ಬಿತ್ತು.

"ಇದು ಫೋಟೋ ಕಣ್ರೀ, ದೇವಸ್ಥಾನ ಅಲ್ಲ!" ನಿರಂಜನ್ ಕಿರುಚಿದ. ಎಲ್ಲರೂ ತಿರುಗಿ ಅವನ ಕಾಲನ್ನೇ ನೋಡಿದರು. ತನ್ನದೇ ಗೋಡೆಯ ಮುಂದೆ ತಾನೂ ಶೂ ಬಿಚ್ಚಿದ.

ಜನ ಕರಗಿದ ಮೇಲೆ ನೋಡಿದರೆ ಅವನ ಶೂ ಇಲ್ಲ. ಉಳಿದದ್ದು ಹಳದಿ ಚಪ್ಪಲಿ ಮಾತ್ರ.

"ಹಾಕ್ಕೋರಿ, ನನಗ ಬೂಟ್ ಅದಾವು," ಎಂದರು ಗಂಗವ್ವ.

ಹಿಮದಲ್ಲಿ ಚಟಪಟ ಸದ್ದು ಮಾಡುತ್ತ, ಅರ್ಧ ಪಾದ ಹೊರಗೆ ಬಿಟ್ಟುಕೊಂಡು ಅವನು ಕಾರಿನತ್ತ ನಡೆದ. ಹಿಂದೆ ಗಂಗವ್ವ ಫೋನ್ ಎತ್ತಿದ್ದರು. "ನಿಂದರ್ರಿ ಅಳಿಯಾರ. ನಿಮ್ಮ ಮಾರಿ ಬ್ಯಾಡ, ಚಪ್ಪಲಿ ಅಷ್ಟ ಬರ್ಲಿ."

ನಿರಂಜನ್ ಬೈಯಲು ಬಾಯಿ ತೆರೆದ. ಗೋಡೆ ಸಿಕ್ಕಿದ್ದು ಯಾವುದರಿಂದ ಎಂಬುದು ನೆನಪಾಯಿತು. ಬಾಯಿ ಮುಚ್ಚಿ, ಕಾಲು ಮುಂದಿಟ್ಟು, ಮಿಸುಕದೆ ನಿಂತ.