ಗೊರಸು ಸುಟ್ಟ ವಾಸನೆ

ಬೆಟ್ಟ ಇಳಿಯುವಾಗ ಎರಡನೆಯ ತಿರುವಿನಲ್ಲಿ ಚೆಲುವಯ್ಯನ ಮೂಗಿಗೆ ಕುದುರೆಯ ಗೊರಸು ಸುಟ್ಟ ವಾಸನೆ ಬಡಿಯಿತು. ಕಾದ ಲಾಳವನ್ನು ಗೊರಸಿಗೆ ಒತ್ತಿದಾಗ ಬರುವ ವಾಸನೆ. ಇಪ್ಪತ್ತು ವರ್ಷ ಜಟಕಾ ಓಡಿಸಿದವನಿಗೆ ಅದು ಗೊತ್ತಾಗದೆ ಇರುವುದಿಲ್ಲ. ಆದರೆ ಈಗ ಅವನು ಕೂತಿದ್ದದ್ದು ಕಾರಿನಲ್ಲಿ. ಕುದುರೆಯನ್ನು ಯುಗಾದಿಗೆ ಮುಂಚೆಯೇ ಮಾರಿಯಾಗಿತ್ತು. ನಜರ್‌ಬಾದಿನ ಲಾಯದಲ್ಲಿ ಈಗ ಇನ್ನಾರದೋ ಎಮ್ಮೆ ಕಟ್ಟಿತ್ತು.

ಅವನು ಬಾಯಿ ಬಿಡಲಿಲ್ಲ. ಇವತ್ತು ಪರೀಕ್ಷೆಯ ದಿನ. ವಕೀಲ ಮರಿಸ್ವಾಮಿ ಹಳೆಯ ಕಾರೊಂದನ್ನು ಕೊಂಡು ವಾರವಾಗಿತ್ತು. ಅವರಿಗೆ ಓಡಿಸಲು ಬಾರದು. 'ಭಾನುವಾರ ನಮ್ಮಮ್ಮನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಿ ಬಾ, ಆಮೇಲೆ ಕೆಲಸದ ಮಾತು' ಎಂದಿದ್ದರು. ಕೊನೆಗೆ ತಾವೂ ಬಂದು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಅವರ ತಾಯಿ ಪುಟ್ಟತಾಯಮ್ಮ, ಹೆಂಡತಿ ಅಂಬುಜಮ್ಮ.

ಮೂರನೆಯ ತಿರುವಿಗೆ ಅಂಬುಜಮ್ಮನ ಮೂಗಿಗೂ ಬಂತು.

"ಏನೋ ಸುಡ್ತಿದೆ ಕಣ್ರೀ."

"ಕರ್ಪೂರ ಕಣಮ್ಮ," ಎಂದರು ಪುಟ್ಟತಾಯಮ್ಮ. "ಮಂಗಳಾರತಿ ತಗೊಂಡಿದ್ದು ಸೀರೇಲೇ ಉಳ್ಕೊಂಡದೆ."

"ಕರ್ಪೂರ ಹಿಂಗೆ ನಾರುತ್ತಾ ಅತ್ತೆ? ಕೂದಲು ಸುಟ್ಟಂಗಿದೆ."

ಪುಟ್ಟತಾಯಮ್ಮ ತಮ್ಮ ತುರುಬು ಮುಟ್ಟಿ ನೋಡಿಕೊಂಡರು.

ಮರಿಸ್ವಾಮಿ ಗಾಜು ಇಳಿಸಿ ಮೂಗು ಹೊರಗೆ ಹಾಕಿದರು, ಒಳಗೆ ತಂದರು. "ಚೆಲುವಯ್ಯ, ವಾಸನೆ ನಿನಗೆ ಬಂತೋ ಇಲ್ಲವೋ? ಒಂದೇ ಮಾತು."

"ಬಂತು ಸ್ವಾಮಿ."

"ಯಾವಾಗಿಂದ?"

"ಆಗಲೇ."

"ಆಗಲೇ ಯಾಕೆ ಹೇಳಲಿಲ್ಲ?"

ಅವನು ಕಾರನ್ನು ಅಂಚಿಗೆ ತಂದು ನಿಲ್ಲಿಸಿದ, ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಬಾನೆಟ್ ಎತ್ತಿದ. ಕಾರು ಓಡಿಸಲು ಕಲಿತ ಗ್ಯಾರೇಜಿನಲ್ಲಿ ಹೇಳಿಕೊಟ್ಟದ್ದು ನೆನಪಿತ್ತು: ರಬ್ಬರ್ ಸುಟ್ಟರೆ ವೈರು, ಎಣ್ಣೆ ಸುಟ್ಟರೆ ಸೋರಿಕೆ, ಹಬೆ ಬಂದರೆ ನೀರಿಲ್ಲ. ವೈರುಗಳನ್ನು ಒಂದೊಂದಾಗಿ ಮೂಸಿದ. ಎಲ್ಲವೂ ಧೂಳಿನ ವಾಸನೆ. ರೇಡಿಯೇಟರಿನಲ್ಲಿ ನೀರು ತುಂಬಿತ್ತು. ಇಳಿಜಾರಿನಲ್ಲಿ ಬಂದ ಇಂಜಿನ್ ಸುಮ್ಮನೆ ಬೆಚ್ಚಗಿತ್ತು. ಗೊರಸಿನ ಪಾಠವನ್ನು ಯಾರೂ ಕಲಿಸಿರಲಿಲ್ಲ.

"ಏನೂ ಇಲ್ಲ ಸ್ವಾಮಿ."

"ಏನೂ ಇಲ್ಲದೆ ವಾಸನೆ ಎಲ್ಲಿಂದ ಬಂತು? ಆಕಾಶದಿಂದಲೇ?"

ಅಷ್ಟರಲ್ಲಿ ಗಾಳಿ ಬೀಸಿ ವಾಸನೆಯೂ ಹೋಯಿತು. ಮತ್ತೆ ಹೊರಟರು. ಅರ್ಧ ಮೈಲಿ ಹೋಗುವುದರೊಳಗೆ ಮತ್ತೆ ಬಂತು, ಈ ಸಲ ಕಣ್ಣು ಉರಿಯುವಷ್ಟು.

"ಸುಂದರೇಶ!" ಎಂದು ಮರಿಸ್ವಾಮಿ ತೊಡೆ ತಟ್ಟಿದರು. ಸುಂದರೇಶ ಅವರ ಜೊತೆಯ ವಕೀಲ, ಕಾರು ಮಾರಿದವನು. "ಕೆಟ್ಟ ಗಾಡೀನ ನನ್ನ ತಲೆಗೆ ಕಟ್ಟಿದಾನೆ. ಈಗ ಸೀದಾ ಅವನ ಮನೆಗೆ ನಡಿ. ಬೀದೀಲೇ ನಿಂತು ಕೇಳ್ತೀನಿ."

"ದೇವರ ದರ್ಶನ ಮಾಡ್ಕೊಂಡು ಬಂದು ಜಗಳವಾ?" ಎಂದರು ಅಂಬುಜಮ್ಮ.

"ನೀನು ಸುಮ್ನಿರು."

ಚೆಲುವಯ್ಯ ಮತ್ತೆ ನಿಲ್ಲಿಸಿದ. ತಲೆ ಕೆಟ್ಟುಹೋಗಿತ್ತು. ವಾಸನೆ ಹಿಂದಿನಿಂದ ಬರುತ್ತಿದೆ, ಇಂಜಿನ್ ಇರುವುದು ಮುಂದೆ. ಕುದುರೆಗೆ ಜ್ವರ ಬಂದಾಗ ಮಾಡುತ್ತಿದ್ದಂತೆ ಮೈಯೆಲ್ಲ ಮುಟ್ಟಿ ನೋಡತೊಡಗಿದ. ಮುಂದಿನ ಚಕ್ರಗಳ ನಡುಭಾಗ ಉಗುರುಬೆಚ್ಚಗಿತ್ತು. ಹಿಂದಿನ ಚಕ್ರ ಮುಟ್ಟಿದ್ದೇ ತಡ, "ಅಯ್ಯಪ್ಪಾ!" ಎಂದು ಕೈ ಕೊಡವಿದ. ಇನ್ನೊಂದು ಪಕ್ಕದ ಹಿಂದಿನ ಚಕ್ರವೂ ಹಾಗೇ.

ಹಿಂದಿನವೆರಡು ಮಾತ್ರ. ಹ್ಯಾಂಡ್‌ಬ್ರೇಕು ಹಿಡಿಯುವುದೂ ಹಿಂದಿನವೆರಡನ್ನೇ.

ಆದರೆ ಹೊರಡುವಾಗ ಅದನ್ನು ಬಿಟ್ಟಿದ್ದೆನಲ್ಲ? ಬಿಟ್ಟಿದ್ದ. ಬಿಟ್ಟಾದ ಮೇಲೆ? ಬಾಗಿಲಿಂದ ಬಗ್ಗಿ ನೋಡಿದ. ನಿಲ್ಲಿಸುವಾಗ ಈ ಸಲ ಅದನ್ನು ಎಳೆದಿರಲಿಲ್ಲ, ಕಾಲಿನ ಬ್ರೇಕಿನಲ್ಲೇ ನಿಲ್ಲಿಸಿ ಕಲ್ಲು ಕೊಟ್ಟಿದ್ದ. ಆದರೂ ಹಿಡಿ ಎರಡು ಹಲ್ಲು ಮೇಲಿತ್ತು. ಜಟಕಾ ಇಳಿಜಾರಿಗೆ ಬಂದರೆ ಎಡಗೈ ಲಗಾಮನ್ನು ತುಸು ಬಿಗಿ ಹಿಡಿಯುತ್ತದೆ, ಇಲ್ಲದಿದ್ದರೆ ಗಾಡಿಯ ಭಾರವೆಲ್ಲ ಕುದುರೆಯ ಮೇಲೆ ಬಿದ್ದು ಅದು ಮುಗ್ಗರಿಸುತ್ತದೆ. ಅದನ್ನು ಅವನು ಯೋಚಿಸಿ ಮಾಡುತ್ತಿರಲಿಲ್ಲ. ಈ ಹಿಡಿ ಎಳೆದದ್ದನ್ನೂ ಯೋಚಿಸಿ ಮಾಡಿರಲಿಲ್ಲ.

"ಸಿಕ್ತೇನಯ್ಯಾ ಸುಂದರೇಶನ ಕೈಚಳಕ?" ಮರಿಸ್ವಾಮಿ ಕೆಳಗಿಳಿದರು.

ಹೌದು ಅಂದರೆ ಮುಗಿದುಹೋಗುತ್ತಿತ್ತು. ಆಮೇಲೆ ಯಾವನೋ ಮೆಕ್ಯಾನಿಕ್ ಚಕ್ರ ಬಿಚ್ಚಿ, ಇದು ಡ್ರೈವರ್ ಮಾಡಿದ್ದು ಎನ್ನುತ್ತಾನೆ. ಅನ್ನದೆಯೂ ಇರಬಹುದು.

"ಅವರದಲ್ಲ ಸ್ವಾಮಿ. ನಂದು. ಬ್ರೇಕ್ ಎಳ್ಕೊಂಡೇ ಓಡುಸ್ಬುಟ್ಟೆ."

"ಎಳ್ಕೊಂಡು? ಯಾಕೆ?"

"ಕುದ್ರೆ ಮುಗ್ಗರುಸ್ತದೆ ಅಂತ."

ಮರಿಸ್ವಾಮಿ ಕಾರಿನ ಹಿಂದೆ ನೋಡಿದರು, ಮುಂದೆ ನೋಡಿದರು. "ಎಲ್ಲಯ್ಯಾ ಕುದುರೆ?"

"ಮಾರ್ಬುಟ್ಟೆ ಸ್ವಾಮಿ."

ಒಳಗೆ ಪುಟ್ಟತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರ ಮಗ ನಗಲಿಲ್ಲ. ಚಕ್ರ ತಣ್ಣಗಾಗುವವರೆಗೆ ಮರದ ಕೆಳಗೆ ನಿಂತು, ಸಾಕ್ಷಿ ಕೈಕೊಟ್ಟ ವಕೀಲನ ಹಾಗೆ ಚೆಲುವಯ್ಯನನ್ನೇ ನೋಡುತ್ತಿದ್ದರು. ಸುಂದರೇಶನ ಮೇಲಿನ ಸಿಟ್ಟನ್ನು ಈಗ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲವೇನೋ.

ಮತ್ತೆ ಹೊರಟಾಗ ಹಿಡಿಯನ್ನು ಪೂರ್ತಿ ಕೆಳಗೆ ತಳ್ಳಿ ಅದರ ಮೇಲೆ ತಾವೇ ಕೈಯಿಟ್ಟು ಕೂತರು. ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಚೆಲುವಯ್ಯನ ಎಡಗೈ ಮೂರು ಸಲ ಬಂದು ಅವರ ಬೆರಳಿಗೆ ತಾಗಿತು. ಮೂರು ಸಲವೂ ಬೆಂಕಿ ಮುಟ್ಟಿದಂತೆ ಹಿಂದೆ ಹೋಯಿತು. ಕೆಲಸ ಹೋಯಿತು ಎಂದುಕೊಂಡ ಚೆಲುವಯ್ಯ.

ಚಾಮರಾಜಪುರಂ ಮನೆಯ ಮುಂದೆ ಮರಿಸ್ವಾಮಿ ಕೀ ಕೇಳಿ ತೆಗೆದುಕೊಂಡರು. "ನಾಳೆ ಕೋರ್ಟಿನಲ್ಲಿ ಕೇಸಿದೆ. ನಾನು ಕಾಗದ ಓದಬೇಕು, ನಿನ್ನ ಕೈ ಕಾಯ್ತಾ ಕೂರೋಕಾಗಲ್ಲ," ಎಂದು ಒಳಗೆ ನಡೆದುಬಿಟ್ಟರು.

ಚೆಲುವಯ್ಯ ಗೇಟಿನ ಹತ್ತಿರ ನಿಂತ. ಬಾ ಎಂದರೋ, ಬೇಡ ಎಂದರೋ? ಅಂಬುಜಮ್ಮ ಹಣ್ಣುಕಾಯಿಯ ಬುಟ್ಟಿ ಹಿಡಿದು ಇಳಿಯುತ್ತಿದ್ದರು.

"ಅಮ್ಮಾವ್ರೇ, ಏನಂದ್ರು? ಬರ್ಲಾ, ಬ್ಯಾಡ್ವಾ?"

"ನಂಗೂ ಗೊತ್ತಾಗ್ಲಿಲ್ಲ ಕಣಪ್ಪ. ಅವರಿಗೂ ಇನ್ನೂ ಗೊತ್ತಿರಲ್ಲ," ಎಂದರು ಅಂಬುಜಮ್ಮ. "ಎಂಟಕ್ಕೆ ಮುಂಚೆ ಬಂದು ನಿಂತ್ಬುಡು."