ಮೊಳೆ ಬಡಿದ ಕಿಟಕಿ

ನಾನು ಒಂದು ಕಿಟಕಿ. ಬೇವಿನ ಮರದ ಚೌಕಟ್ಟು, ಎರಡು ಬಾಗಿಲು, ಕಬ್ಬಿಣದ ಸರಳು. ನನ್ನನ್ನು ಮಾಡಿದ ಬಡಿಗೇರ ಕಾಳಪ್ಪ ತೆರೆದು ಮುಚ್ಚಿ ನೋಡಿ, "ಗಾಳಿ ಚಲೋ ಆಡತೈತಿ" ಎಂದಿದ್ದ. ಆ ಮಾತು ನಂಬಿ ಕೆಟ್ಟೆ.

ನನ್ನನ್ನು ಕೂರಿಸಿದ್ದು ನೇಕಾರ ಮುರಿಗೆಪ್ಪನ ಒಂದೇ ಕೋಣೆಯ ಮನೆಗೆ. ಮಗ್ಗ, ಒಲೆ, ಹಾಸಿಗೆ ಎಲ್ಲ ಅಲ್ಲೇ. ಗಾಳಿ ಬಂದರೆ ನೂಲು ಒಣಗಿ ಹರಿಯುತ್ತದೆಂದು ಹಗಲೆಲ್ಲ ನನ್ನನ್ನು ಮುಚ್ಚಿಡುತ್ತಿದ್ದರು. ಸಂಜೆ ಮಗ್ಗ ನಿಂತ ಮೇಲೆ ಅವನ ಮಗಳು ರತ್ನಿ ಓಡಿಬಂದು, "ಅಪ್ಪಾ, ಕಿಡಕಿ ತಗೀಲೇನು?" ಎಂದು ಕೇಳುತ್ತಿದ್ದಳು. ಆ ಹೊತ್ತಿಗಾಗಿ ನಾನು ಕಾಯುತ್ತಿದ್ದೆ.

ಮುರಿಗೆಪ್ಪನಿಗೆ ಕೆಮ್ಮು ಹತ್ತಿತು. ಮೈ ಇಳಿಯಿತು, ಕಫದಲ್ಲಿ ರಕ್ತ ಕಂಡಿತು. ಅವನ ತಾಯಿ ದ್ಯಾಮವ್ವ ನಿಂಬೆಹಣ್ಣು ನಿವಾಳಿಸಿ, "ಹಳ್ಳದ ದಂಡಿಗೆ ಹೋಗಿದ್ದ, ಗಾಳಿ ಬಡದೈತಿ" ಎಂದು ತೀರ್ಮಾನಿಸಿದಳು. ದೆವ್ವಕ್ಕೂ ಗಾಳಿ ಎನ್ನುತ್ತಾರೆ ಈ ಜನ.

ಕೊನೆಗೆ ದವಾಖಾನೆಯ ನರ್ಸಬಾಯಿ ಬಂದಳು. ಕ್ಷಯವೆಂದು ಹೇಳಿ ಗುಳಿಗೆ ಕೊಟ್ಟಳು. ಹುಡುಗಿಯನ್ನು ಬೇರೆ ಕಡೆ ಮಲಗಿಸಿ ಎಂದಳು. ಬೇರೆ ಕಡೆ ಎಲ್ಲಿತ್ತು? ಹೋಗುವಾಗ ನನ್ನತ್ತ ಕೈ ತೋರಿಸಿ, "ಕಿಡಕಿ ತಗದಿಡ್ರಿ ಅಮ್ಮಾ, ಒಳಗ ಗಾಳಿ ಆಡ್ಲಿ" ಎಂದಳು.

ದ್ಯಾಮವ್ವ ಬೆಚ್ಚಿದಳು. "ಬಡದ ಗಾಳಿನ ಇನ್ನೂ ಬಿಟ್ಟಿಲ್ಲ. ಇನ್ನೊಂದನ್ನ ನಾವ ಒಳಗ ಕರ್ಕೋಬೇಕೇನು?" ಎಂದು ಗೊಣಗಿ, ನರ್ಸಬಾಯಿ ಹೊಸ್ತಿಲು ದಾಟುವುದೇ ತಡ, ಕಲ್ಲು ಹಿಡಿದು ನನಗೆ ಮೊಳೆ ಬಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನೋವಿಗಲ್ಲ, ಸಿಟ್ಟಿಗೆ. ಒಂದು ಮಾತಿಗೆ ಎರಡು ಅರ್ಥ ಇಟ್ಟುಕೊಂಡವರು, ಯಾವುದೆಂದು ಬಾಯಿಬಿಟ್ಟು ಕೇಳಬಾರದೇ? ಆ ನರ್ಸಬಾಯಿಯಾದರೂ ಇನ್ನೊಂದು ಗಳಿಗೆ ನಿಂತು ಬಿಡಿಸಿ ಹೇಳಬಾರದಿತ್ತೇ?

ಕೆಮ್ಮು ಕಡಿಮೆಯಾದೊಡನೆ ಮುರಿಗೆಪ್ಪ ಗುಳಿಗೆ ಬಿಟ್ಟ. ಕೆಮ್ಮು ಮರಳಿತು. ಅವನ ಮಗ್ಗುಲಲ್ಲೇ ಮಲಗುತ್ತಿದ್ದ ರತ್ನಿ ಸೊರಗತೊಡಗಿದಳು. ಸಂಜೆ ಬಂದು ಮೊಳೆ ಮುಟ್ಟಿ ನೋಡಿ ಹೋಗುತ್ತಿದ್ದಳು. ಜ್ವರ ನೆತ್ತಿಗೇರಿದಾಗ ದವಾಖಾನೆಗೆ ಒಯ್ದರು. ಅವಳು ಮರಳಿ ಬರಲಿಲ್ಲ.

ಸಾವಿನ ಮನೆಗೆ ಮಾತನಾಡಿಸಲು ಬಂದ ನರ್ಸಬಾಯಿಯನ್ನು ದ್ಯಾಮವ್ವ ಕೇಳಿದಳು, "ಅವತ್ತ ನೀವು ಅಂದದ್ದು ಬೀಸೂ ಗಾಳಿ ಏನವ್ವಾ?"

ನರ್ಸಬಾಯಿ ಹೌದೆಂದು ತಲೆಯಾಡಿಸಿದಳು. ಮುದುಕಿ ಇಕ್ಕಳ ಹುಡುಕಿ ತಂದು ಮೊಳೆ ಕಿತ್ತಳು. ಗಾಳಿ ಒಳಗೆ ಬಂತು, ರತ್ನಿಯ ಖಾಲಿ ಹಾಸಿಗೆಯ ಮೇಲೆ ಆಡಿತು. ಮುರಿಗೆಪ್ಪ ಆಮೇಲೆ ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ. ಗುಣವಾದ.

ಈಗ ನಾನು ಹಳೆ ಕಟ್ಟಿಗೆಯ ಅಂಗಡಿಯಲ್ಲಿ ಗೋಡೆಗೆ ಒರಗಿದ್ದೇನೆ. ಮೊಳೆಯ ತೂತುಗಳು ಹಾಗೇ ಇವೆ. ಕೊಳ್ಳಲು ಬಂದವರೆಲ್ಲ ನನ್ನ ಬಾಗಿಲು ತಳ್ಳಿ ನೋಡಿ, "ಗಟ್ಟಿ ಮುಚ್ಚತೈತೇನು?" ಎಂದೇ ಕೇಳುತ್ತಾರೆ. ತಗೀಲೇನು ಎಂದು ಕೇಳುತ್ತಿದ್ದವಳು ಒಬ್ಬಳೇ.