ಬಂಡೆಮ್ಮನ ಹಿಮ್ಮಡಿಗೆ ಹೊಸ ಔಷಧಿ

ಕಲ್ಲೂರಿನ ಬಂಡೆಮ್ಮನಿಗೆ ಸಕ್ಕರೆ ಕಾಯಿಲೆ. ಕುರಿಗಳ ಹಿಂದೆ ಹೋದಾಗ ಜಾಲಿಮುಳ್ಳು ಚುಚ್ಚಿ ಹಿಮ್ಮಡಿಯಲ್ಲಿ ಆದ ಗಾಯ ಮಾಯಲೊಲ್ಲದು. ರಾಯಚೂರಿನ ಆಸ್ಪತ್ರೆಯೊಂದರ ಡಾಕ್ಟರು, "ಒಂದು ಹೊಸ ಔಷಧಿ ಅದ, ಇನ್ನೂ ಪರೀಕ್ಷೆ ನಡದದ. ಸೇರ್ತೀರೇನು, ಯೋಚಿಸಿ ಹೇಳ್ರಿ" ಎಂದಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಗಂಡ ಸಾಬಣ್ಣ "ಆತ್ರಿ" ಎಂದುಬಿಟ್ಟ. ಆ ಮನೆಯಲ್ಲಿ ಹಿರಿಯ ಕೊಟ್ಟ ಮಾತೆಂದರೆ ಎಲ್ಲರ ಮಾತು.

ಊರಿಗೆ ಮರಳಿ ಬಸ್ಸಿಳಿದಾಗಿನಿಂದ ಬಂಡೆಮ್ಮನಿಗೆ ಏನೂ ತೋಚುತ್ತಿರಲಿಲ್ಲ. ಡಾಕ್ಟರು ಒಳ್ಳೆಯವರೇ. ಕಾಲು ಚಾಚಿ ಕೂರಲೆಂದು ತಮ್ಮ ಕುರ್ಚಿಯನ್ನೇ ಸರಿಸಿ ಕೊಟ್ಟಿದ್ದರು. ಹಾಗಾದರೆ ಈ ಹೆದರಿಕೆ ಯಾಕೆ? ಕುರಿಗಳಿಗೆ ಜಂತುಹುಳದ ಹೊಸ ಔಷಧಿ ತಂದರೆ ಸಾಬಣ್ಣ ಮೊದಲು ಒಂದು ಮುದಿ ಕುರಿಗೆ ಕುಡಿಸುತ್ತಾನೆ. ಅದು ಮೇವು ತಿಂದರಷ್ಟೇ ಹಿಂಡಿಗೆ ಹಾಕುತ್ತಾನೆ. ಅದೇ ಅವಳ ಕಣ್ಣ ಮುಂದೆ ಬರುತ್ತಿತ್ತು.

ಸಂಜೆ ಆಶಾ ಕಾರ್ಯಕರ್ತೆ ಜಬೀನ್ ಗಾಯ ನೋಡಲು ಬಂದಳು. ಅಂಟಿಕೊಂಡ ಪಟ್ಟಿಯನ್ನು ನೀರಲ್ಲಿ ನೆನೆಸಿ, ನೋಯದಂತೆ ಮೆಲ್ಲಗೆ ಬಿಡಿಸಿದಳು.

"ನನ್ನನ್ನ ಮುದಿ ಕುರಿ ಮಾಡ್ಯಾರ ನೋಡವಾ," ಎಂದಳು ಬಂಡೆಮ್ಮ.

ಸಾಬಣ್ಣ ಸಿಡುಕಿದ. "ಮುದಿ ಕುರಿ ಇಷ್ಟು ಒದರತದೇನು? ಯಾರ ಮ್ಯಾಲರ ನೋಡ್ಲಾರ್ದ ಔಷಧಿ ಹೊರಗ ಬರ್ತದೇನು?"

"ಅಣ್ಣ ಹೇಳೂದು ಖರೇನ," ಎಂದಳು ಜಬೀನ್. "ಆದ್ರ ಹಿಂದ ಅಮೆರಿಕಾದಾಗ ಕಪ್ಪು ಜನಾಂಗದ ಬಡವರಿಗೆ ಚಿಕಿತ್ಸಾ ಕೊಡ್ತೀವಿ ಅಂತ ಸುಳ್ಳು ಹೇಳಿದ್ರು. ರೋಗ ಹೆಂಗ ಬೆಳಿತದಂತ ನಲವತ್ತು ವರ್ಷ ಬರೇ ನೋಡಿದ್ರು. ಗುಣಾ ಮಾಡೋ ಔಷಧಿ ಬಂದ ಮ್ಯಾಲೂ ಕೊಡ್ಲಿಲ್ಲ. ಭಾಳ ಮಂದಿ ಸತ್ರು."

"ಡಾಕ್ಟರೇ?"

"ಡಾಕ್ಟರೇ, ಅಕ್ಕಾ."

ಬಂಡೆಮ್ಮನ ಗೊಂದಲ ಇನ್ನೂ ಹೆಚ್ಚಿತು. "ಹಂಗಾದ್ರ ಬ್ಯಾಡ ಅನ್ನಲೇನು?"

"ಅದು ನಾ ಹೇಳಂಗಿಲ್ಲ. ಈಗ ಕಾಯ್ದಿ ಅದ. ಎಲ್ಲಾ ನಮಗ ತಿಳಿಯೋ ಹಂಗ ಹೇಳಬೇಕು. ಬ್ಯಾಡ ಅಂದ್ರ ಇದ್ದ ಚಿಕಿತ್ಸಾ ನಿಲ್ಲಿಸಂಗಿಲ್ಲ. ಸೇರಿದ ಮ್ಯಾಲೂ ಬಿಟ್ಟು ಬರಬಹುದು. ಪರೀಕ್ಷಾದಿಂದ ತೊಂದರಿ ಆದ್ರ ಅವರೇ ಪುಕ್ಕಟ ನೋಡಬೇಕು. ಒಪ್ಪಿಗಿ ಮಾತ್ರ ನಿಮ್ಮದ ಆಗಬೇಕು, ಅಣ್ಣಂದಲ್ಲ."

"ಮಾತು ಕೊಟ್ಟೀನಲ್ಲವಾ! ಹಿಂದಕ್ಕ ತಗೊಂಡ್ರ ಏನು ಮರ್ಯಾದಿ ಉಳೀತದ?"

"ಹಿಮ್ಮಡಿ ಯಾರದಣ್ಣ?"

ಸಾಬಣ್ಣ ಬಾಗಿ ಹೆಂಡತಿಯ ಗಾಯ ನೋಡಿದ.

ಮರುದಿನ ಆಸ್ಪತ್ರೆಯಲ್ಲಿ ಅವನೇ ಮೊದಲು ಮಾತೆತ್ತಿದ. "ಸಾಹೇಬ್ರ, ಆಕಿನ್ನ ಕೇಳ್ಲಾರ್ದ ಹೂಂ ಅಂದದ್ದು ತಪ್ಪಾತ್ರಿ. ಇನ್ನ ಆಕೀನ ಮಾತಾಡ್ತಾಳ."

ಬಂಡೆಮ್ಮ ತಡವರಿಸುತ್ತ ಕೇಳಿದಳು. "ಸಕ್ಕರಿ ಗುಳಿಗಿ ಬಿಡಬೇಕೇನ್ರಿ? ಗಾಯ ಹೆಚ್ಚಾದ್ರ ಯಾರಿಗೆ ಫೋನ್ ಮಾಡ್ಲಿ? ಈ ಔಷಧಿಲಿಂದ ಮಾಯೂದು ಖರೆ ಏನ್ರಿ?"

ಗುಳಿಗೆ ಬಿಡುವುದು ಬೇಡ ಎಂದರು ಡಾಕ್ಟರು. ಫೋನ್ ನಂಬರು ಕೊಟ್ಟರು. ಕೊನೆಯ ಪ್ರಶ್ನೆಗೆ, "ಅದು ನಮಗೂ ಇನ್ನಾ ಗೊತ್ತಿಲ್ಲಮ್ಮ. ಅದಕ್ಕ ಈ ಪರೀಕ್ಷೆ," ಎಂದರು.

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಬಂಡೆಮ್ಮ ಎಂದೂ ಕಂಡಿರಲಿಲ್ಲ. ನಂಬಿಕೆಯೂ ಬಂತು, ಭಯವೂ ಉಳಿಯಿತು.

"ನನಗಿನ್ನಾ ತಿಳಿವಲ್ದರಿ. ಮುಂದಿನ ಸಂತಿ ಆದ ಮ್ಯಾಲ ಹೇಳ್ತೀನಿ."

"ಆಗಲಮ್ಮ. ಅಲ್ಲೀತನಕ ಗಾಯಕ್ಕ ಪಟ್ಟಿ ಹಾಕಿಸ್ಕೊಳ್ಳಾಕ ಬರ್ರಿ."

ಸಾಬಣ್ಣ ಬಾಗಿಲಾಚೆಯಿಂದ ಅವಳ ಚಪ್ಪಲಿ ತಂದು ಕಾಲ ಬಳಿ ಇಟ್ಟ. ಅವಸರ ಮಾಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹೊಸ ಔಷಧಿಯ ಪರೀಕ್ಷೆಗೆ ಕರೆದರೆ ಹೆದರಿ ಓಡಬೇಡಿ, ನಾಚಿ ತಲೆಯಾಡಿಸಲೂ ಬೇಡಿ. ಕೇಳಿ. ತಿಳಿಯದಿದ್ದರೆ ಮತ್ತೆ ಕೇಳಿ. ಮನೆಯವರ ಬದಲು ನೀವು ಹೂಂ ಅನ್ನಬೇಡಿ. ಮನಸ್ಸು ಗೊಂದಲದಲ್ಲಿ ಇರುವತನಕ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ. ನಿಮ್ಮ ಉತ್ತರಕ್ಕೆ ಅವರು ಕಾಯಲೇಬೇಕು.